ಮೇಸ್ತ್ರಿಯ ತರಕಾರಿ ತೊಟ್ಟಿ

ಟೊಮೇಟೊ ಗಿಡ ಮತ್ತೆ ಒಣಗಿ ನಿಂತಾಗ ಮೇಸ್ತ್ರಿ ಬೈಯಲಿಲ್ಲ, ಕೊರಗಲಿಲ್ಲ. ಬಣ್ಣದ ಹಳೆಯ ಬಕೆಟ್ಟನ್ನು ತಾರಸಿಯ ಮೇಲೆ ಬೋರಲು ಹಾಕಿ, ಮಣ್ಣನ್ನು ಬೆರಳಿನಿಂದ ಕೆದಕಿ, ಬೇರನ್ನು ಬೆಳಕಿಗೆ ಹಿಡಿದು ನೋಡಿದ. "ಬೆಂದುಹೋಗಿದೆ ಕಣೇ. ಬಕೆಟ್ಟು ಕಾದು ಬೇರು ಬೆಂದುಹೋಗಿದೆ" ಎಂದು ಹೆಂಡತಿಗೆ ಹೇಳಿದ. ಹೇಳುವಾಗ ಅವನ ಮುಖದಲ್ಲಿ ಒಂದು ಬಗೆಯ ಖುಷಿಯಿತ್ತು. ಗಿಡ ಸತ್ತದ್ದಕ್ಕೆ ಖುಷಿಪಡುವ ಗಂಡನನ್ನು ಕಂಡು ಮೇಸ್ತ್ರಮ್ಮನಿಗೂ ಖುಷಿಯಾಯಿತು.

ಬೀದಿಯವರೆಲ್ಲ ಅವಳನ್ನು ಮೇಸ್ತ್ರಮ್ಮ ಎಂದೇ ಕರೆಯುತ್ತಿದ್ದರು. ಗಂಡ ಗಾರೆ ಕೆಲಸದಲ್ಲಿ ಹೆಸರು ಮಾಡಿದವನು. ಆ ಬೀದಿಯ ಅರ್ಧ ಮನೆಗಳ ಗೋಡೆಗೆ ಅವನ ಕರಣೆ ತಾಗಿತ್ತು. ನೀರಿನ ತೊಟ್ಟಿ ಕಟ್ಟಿಸುವವರಂತೂ ಅವನಿಗೆ ಬಿಡುವಾಗುವವರೆಗೆ ಕಾದು ಕೂರುತ್ತಿದ್ದರು. ಹಿಂದಿನ ವರ್ಷ ಸಾರುವೆ ಮುರಿದು, ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಎಲ್ಲ ನಿಂತುಹೋಯಿತು. ಮೂಳೆ ಹೇಗೋ ಕೂಡಿಕೊಂಡಿತು, ಮನುಷ್ಯ ಕೂಡಿಕೊಳ್ಳಲಿಲ್ಲ. ತಟ್ಟೆ ಮುಂದಿಟ್ಟರೆ ಎರಡು ತುತ್ತು ತಿಂದು ಸರಿಸುತ್ತಿದ್ದ. ಕೇಳಿದ್ದಕ್ಕೆ ಹೂಂ, ಉಹೂಂ ಬಿಟ್ಟರೆ ಮಾತಿಲ್ಲ.

ಒಂದು ಸಂಜೆ ಒಣಗಿದ ಬಟ್ಟೆ ತರಲು ತಾರಸಿಗೆ ಹತ್ತಿದ ಮೇಸ್ತ್ರಮ್ಮ, ಗಂಡ ಮೋಟುಗೋಡೆಯ ಮೇಲೆ ಎರಡೂ ಕಾಲನ್ನು ಹೊರಗೆ ಇಳಿಬಿಟ್ಟು ಕೂತದ್ದನ್ನು ಕಂಡಳು. ಕೂಗಲಿಲ್ಲ. ಹತ್ತಿರ ಹೋಗಿ ಅಂಗಿಯ ಬೆನ್ನು ಹಿಡಿದುಕೊಂಡು, "ಚಹಾ ಆರಿಹೋಗ್ತಿದೆ, ಬನ್ನಿ" ಎಂದಳು. ಅವನು ಕಾಲು ಒಳಗೆ ತೆಗೆದುಕೊಂಡು ಅವಳ ಹಿಂದೆ ಬಂದ. ಅದನ್ನು ಅವಳು ಮಗನಿಗೂ ಹೇಳಲಿಲ್ಲ, ಸೊಸೆಗೂ ಹೇಳಲಿಲ್ಲ. ಮಾರನೆಯ ದಿನ ಪಕ್ಕದ ಮನೆಯಿಂದ ಟೊಮೇಟೊ ಸಸಿ ಬೇಡಿ ತಂದು, "ಇದನ್ನ ಎಲ್ಲಿ ನೆಡೋದು ನೀವೇ ನೋಡಿ, ನನಗೆ ತಿಳಿಯಲ್ಲ" ಎಂದು ಅವನ ಕೈಗೆ ಕೊಟ್ಟಳು. ಅವಳಿಗೆ ತಿಳಿಯದ್ದೇನಲ್ಲ.

ತೋಟ ಶುರುವಾದದ್ದು ಹಾಗೆ.

ಬಕೆಟ್ಟು ಕೈಕೊಟ್ಟ ಮೇಲೆ ಸಿಮೆಂಟಿನ ಖಾಲಿ ಚೀಲಗಳು ಬಂದವು. ಚೀಲದಲ್ಲಿ ಬೇರು ಬೇಯಲಿಲ್ಲ, ಆದರೆ ಹಾಕಿದ ನೀರೆಲ್ಲ ಸೋರಿ, ಮಣ್ಣೂ ಜೊತೆಗೆ ಹರಿದು ಮೋರಿ ಕಟ್ಟಿಕೊಂಡಿತು. ಟೈರಿನ ಅಂಗಡಿಯಲ್ಲಿ ಕೆಲಸ ಮಾಡುವ ಮಗ ಬೆಳಗ್ಗೆ ಹೊರಡುವ ಮೊದಲು ಕೋಲು ಹಿಡಿದು ಮೋರಿ ಬಿಡಿಸಬೇಕಾಯಿತು. "ಒಂದು ಟೊಮೇಟೊ ತಿನ್ನೋಕೆ ಊರ ಮೋರಿ ಎಲ್ಲ ಬಳೀಬೇಕಾ ಅಪ್ಪ?" ಎಂದು ಅವನು ಗೊಣಗಿದ. ಆಮೇಲೆ ಮೇಸ್ತ್ರಿ ಇಟ್ಟಿಗೆ ಜೋಡಿಸಿ ಮಡಿ ಮಾಡಿದ. ಬರೀ ಮಣ್ಣಿನ ಮಡಿ ಬಿಸಿಲಿಗೆ ಬಿರಿಯಿತು. ಬಡಗಿಯ ಅಂಗಡಿಯಿಂದ ಮರದ ಹೊಟ್ಟು ತಂದು ಬೆರೆಸಿದರೆ ಎಲೆಗಳೆಲ್ಲ ಕಾಮಾಲೆ ಬಂದವರ ಕಣ್ಣಿನಂತೆ ಹಳದಿಯಾದವು. ಅದೇ ಹೊಟ್ಟನ್ನು ಅಡುಗೆಮನೆಯ ಸಿಪ್ಪೆ, ಉದುರೆಲೆಗಳ ಜೊತೆ ಡ್ರಮ್ಮಿನಲ್ಲಿ ಕೊಳೆಹಾಕಿ, ತಿಂಗಳುಗಟ್ಟಲೆ ಬಿಟ್ಟು ಹಾಕಿದ ಮೇಲೆ ಸೊಪ್ಪು ಕಪ್ಪುಹಸಿರಾಗಿ ಎದ್ದಿತು.

"ಸುಣ್ಣ ನೆನೆಹಾಕಿದ ಹಾಗೇನೇ" ಎಂದ ಮೇಸ್ತ್ರಿ, ಊಟಕ್ಕೆ ಕೂತವನು. "ಹಸಿಹಸಿದು ಹಾಕಿದ್ರೆ ಸುಡುತ್ತೆ. ಅವಸರ ಮಾಡಬಾರದು."

"ತಾತ, ಸೊಪ್ಪಿಗೂ ಸುಣ್ಣ ಹಚ್ತೀಯಾ?" ಎಂದಳು ಮೊಮ್ಮಗಳು.

"ನಿನ್ನ ಮೂಗಿಗೆ ಹಚ್ತೀನಿ, ಬಾ."

ಮಗ, ಸೊಸೆ ಮುಖ ಮುಖ ನೋಡಿಕೊಂಡರು. ಅವನು ಹಾಗೆ ತಮಾಷೆ ಮಾಡಿ ಎಷ್ಟೋ ಕಾಲವಾಗಿತ್ತು. ಮೇಸ್ತ್ರಮ್ಮ ಏನೂ ಆಗದವಳಂತೆ ಅವನ ತಟ್ಟೆಗೆ ಇನ್ನೊಂದು ಸೌಟು ಪಲ್ಯ ಹಾಕಿದಳು.

ನಿಜವಾದ ಪಾಠ ಕಲಿಸಿದ್ದು ಮೂಲೆಯಲ್ಲಿ ಮರೆತುಬಿಟ್ಟಿದ್ದ ಒಂದು ಡಬ್ಬ. ತಳಕ್ಕೆ ತೂತು ಹಾಕಿರಲಿಲ್ಲ, ಕೆಳಗೆ ಇಟ್ಟಿಗೆಯ ಚೂರು, ಮೇಲೆ ಒಂದಿಷ್ಟು ಮಣ್ಣು. ಮಳೆಯ ನೀರು ನಿಂತಿತ್ತು. ಅದರಲ್ಲಿ ತಾನಾಗಿ ಹುಟ್ಟಿದ ಬದನೆ ಗಿಡ, ಉಳಿದವೆಲ್ಲ ಮಧ್ಯಾಹ್ನದ ಬಿಸಿಲಿಗೆ ತಲೆ ಜೋಲುಹಾಕಿದಾಗಲೂ ಸೊಕ್ಕಿನಿಂದ ನಿಂತಿತ್ತು. ಮೇಸ್ತ್ರಿ ಅದನ್ನು ಬಗ್ಗಿಸಿ ನೋಡಿದ. ಇಟ್ಟಿಗೆಯ ಚೂರುಗಳ ನಡುವೆ ನೀರು, ನೀರಿನ ತನಕ ಇಳಿದ ಬಿಳಿಯ ಬೇರು.

"ಲೇ, ಬಾ ಇಲ್ಲಿ" ಎಂದು ಮೇಲಿಂದ ಕೂಗಿದ. "ಗಿಡಕ್ಕೆ ತಲೆ ಮೇಲಿಂದ ನೀರು ಹೊಯ್ಯೋದಲ್ಲ ಕಣೇ. ಕೆಳಗೆ ನೀರಿಟ್ಟು, ಬೇಕಾದಷ್ಟು ಕುಡಿ ಅಂತ ಬಿಟ್ಟುಬಿಡಬೇಕು."

ಅಲ್ಲಿಂದ ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ತಾರಸಿಯ ನೆಲದ ಮೇಲೆಯೇ ಇಟ್ಟಿಗೆಯಲ್ಲಿ ತೊಟ್ಟಿ ಕಟ್ಟಿ, ಒಳಗೆ ಗಾರೆ ಮಾಡಿ, ತಳಕ್ಕೆ ಇಟ್ಟಿಗೆಯ ಚೂರು ತುಂಬಿ, ಮೂಲೆಯಲ್ಲಿ ಒಂದು ಕೊಳವೆ ನಿಲ್ಲಿಸಿ, ಮೇಲೆ ಮಣ್ಣು ಹಾಕುವುದು ಎಂದು ಹೇಳಿದ. ಕೊಳವೆಯಲ್ಲಿ ನೀರು ಬಿಟ್ಟರೆ ತಳದಲ್ಲಿ ನಿಲ್ಲುತ್ತದೆ, ಮಣ್ಣು ಅದನ್ನು ಮೇಲಕ್ಕೆ ಹೀರಿಕೊಳ್ಳುತ್ತದೆ. ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದ ಸೊಸೆ, ಹೊಲಿಗೆಯವಳ ಕಣ್ಣಿನಿಂದ ಆ ಲೆಕ್ಕಾಚಾರವನ್ನೆಲ್ಲ ಕೇಳಿಸಿಕೊಂಡು ಒಂದು ಮಾತು ಹೇಳಿದಳು.

"ಮಾವ, ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿಬಿಡಿ. ಅಂಗಿಗೆ ಲೈನಿಂಗ್ ಕೊಟ್ಟ ಹಾಗೆ. ಕೆಳಗಡೆ ನಮ್ಮ ಕೋಣೆ ಇದೆ."

ಮೇಸ್ತ್ರಿ ಗಹಗಹಿಸಿ ನಕ್ಕ. "ನನ್ನ ಗಾರೆಗೆ ನೀನು ಕೊಡೆ ಹಿಡೀತೀಯಾ ತಾಯಿ? ಈ ಬೀದೀಲಿ ನಾನು ಕಟ್ಟಿದ ಒಂದು ತೊಟ್ಟಿ ಸೋರುತ್ತಾ, ಹೋಗಿ ಕೇಳ್ಕೊಂಡು ಬಾ."

ಕೇಳುವುದೇ ಬೇಕಿರಲಿಲ್ಲ, ಒಂದೂ ಸೋರುತ್ತಿರಲಿಲ್ಲ. ಆದರೆ ಆ ತೊಟ್ಟಿಗಳೆಲ್ಲ ನೆಲದ ಮೇಲೆ ಕೂತವು. ಹಗಲು ಕಾದು ಉಬ್ಬುವ, ಸಂಜೆ ತಣಿದು ಕುಗ್ಗುವ ತಾರಸಿಯ ಮೇಲಲ್ಲ. ಅದು ಅವನಿಗೆ ಹೊಳೆಯಲಿಲ್ಲ. ಎಲ್ಲರಿಗಿಂತ ಮೊದಲು ಹೊಳೆಯಬೇಕಾದದ್ದು ಅವನಿಗೇ, ಅದೇ ಸಂಕಟ.

ಮೊದಲ ತೊಟ್ಟಿ ಕೊಳೆತು ನಾರಿತು. ಮಳೆಯ ನೀರಿಗೆ ಹೊರದಾರಿ ಇಲ್ಲದೆ ಬೇರೆಲ್ಲ ಮುಳುಗಿತ್ತು. ಗೇಣೆತ್ತರದಲ್ಲಿ ಒಂದು ತೂತು ಕೊರೆದ ಮೇಲೆ ಸರಿಹೋಯಿತು. ಎರಡನೆಯದರಲ್ಲಿ ಒಂದು ಕೊನೆ ನೆನೆದು ಇನ್ನೊಂದು ಕೊನೆ ಒಣಗಿತು. ರಸಮಟ್ಟ ಇಟ್ಟು ನೋಡಿದಾಗ ತಳ ಕೂದಲೆಳೆಯಷ್ಟು ಓರೆ. ಮೇಸ್ತ್ರಿ ಅದನ್ನು ಒಡೆದು ಮತ್ತೆ ಕಟ್ಟಿದ. ಮೂರನೆಯದರಲ್ಲಿ ಅರ್ಧಕ್ಕೆ ಒಣ ಎಲೆಯ ಹೊದಿಕೆ, ಅರ್ಧ ಬರಿಮೈ. ಹೊದಿಕೆಯ ಕಡೆ ಅರ್ಧ ನೀರು ಸಾಕೆಂದು ತಿಳಿಯಿತು. ಹಿಂದೆ ಹಬ್ಬಿಸಿದ ಹುರುಳಿಕಾಯಿ, ಮುಂದೆ ಬದನೆ, ಅದರ ನೆರಳಲ್ಲಿ ಸೊಪ್ಪು, ಅಂಚಿಗೆ ಮೂಲಂಗಿ. ಒತ್ತಾಗಿ ನೆಟ್ಟರೂ ಜಗಳವಾಡದ ಜೊತೆ ಯಾವುದೆಂದು ಕಂಡುಕೊಳ್ಳಲು ಒಂದು ಇಡೀ ಬೆಳೆ ಹಾಳಾಯಿತು. ಆಮೇಲೆ ಹಾಳಾಗಲಿಲ್ಲ. ತಿನ್ನುವಷ್ಟು ತಿಂದು, ಪಕ್ಕದ ಮನೆಗೆ ಕೊಟ್ಟು, ಬೀದಿಯ ಕೊನೆಯವರೆಗೂ ಹಂಚುವಷ್ಟು ತರಕಾರಿ ಬಂತು.

"ದಿನಾ ಬದನೆಕಾಯಿ, ದಿನಾ ಬದನೆಕಾಯಿ" ಎಂದು ಮಗ ಮೂಗು ಮುರಿದ.

"ಹೊರಗೆ ಕೊಂಡು ತಿನ್ನು, ಯಾರು ಬೇಡ ಅಂದ್ರು" ಎಂದ ಅಪ್ಪ.

"ನೀನು ಬಿತ್ತೋದು ಬಿಟ್ಟರೆ ಕೊಂಡು ತಿಂತೀನಪ್ಪ."

ಜಗಳದ ಮಾತಾದರೂ ಇಬ್ಬರೂ ನಗುತ್ತಿದ್ದರು. ಕುಂಟುತ್ತ ಮೆಟ್ಟಿಲು ಹತ್ತುವ ಮೇಸ್ತ್ರಿಯ ಕೈಗೆ ಮತ್ತೆ ಕರಣೆ ಬಂದಿತ್ತು. ಬೀದಿಯವರು ಬಂದು, ಹೇಗೆ ಮಾಡೋದು ಹೇಳ್ಕೊಡಿ ಎಂದು ಕೇಳುತ್ತಿದ್ದರು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಮೇಸ್ತ್ರಮ್ಮ ಮಗ ಸೊಸೆಯ ಕೋಣೆಯಲ್ಲಿ ದಿಂಬಿನ ಹೊದಿಕೆ ಬದಲಿಸುತ್ತಿದ್ದಳು. ಸೊಸೆ ಹೊಲಿದ ಬಟ್ಟೆ ಕೊಡಲು ಹೋಗಿದ್ದಳು. ಹೊಲಿಗೆಯಂತ್ರದ ನೇರ ಮೇಲೆ, ಸೂರಿನಲ್ಲಿ, ತಟ್ಟೆಯಗಲದ ಕಂದು ಕಲೆ. ಮೇಜಿನ ಮೇಲೆ ಸ್ಟೂಲಿಟ್ಟು ಹತ್ತಿ ಮುಟ್ಟಿ ನೋಡಿದಳು. ಬೆರಳು ಒದ್ದೆಯಾಯಿತು.

ಮೇಸ್ತ್ರಿಯ ಹೆಂಡತಿಯಾಗಿ ಅಷ್ಟು ವರ್ಷ ಬಾಳಿದವಳಿಗೆ ಅದೇನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಹೇಳಿದರೆ ಗಂಡ ಮರುಕ್ಷಣವೇ ತೊಟ್ಟಿಗಳನ್ನು ಒಡೆಯುತ್ತಾನೆ, ಅದೂ ಗೊತ್ತಿತ್ತು. ತನ್ನ ಗಾರೆ ಸೋರಿತು ಎಂದು ತಿಳಿದ ಮೇಲೆ, ಒಡೆದ ಆ ಬಯಲು ತಾರಸಿಯ ಮೇಲೆ ಅವನು ಎಲ್ಲಿ ಹೋಗಿ ಕೂರುತ್ತಾನೆ ಎಂಬುದೂ ಗೊತ್ತಿತ್ತು. ಅವಳು ಮೇಜಿನಿಂದ ಇಳಿದಳು. ಅಟ್ಟದಲ್ಲಿದ್ದ ಸುಣ್ಣದ ಡಬ್ಬ, ಕುಂಚ ತಂದು, ಕಲೆಯ ಮೇಲೆ ಬಳಿದು, ಬಿದ್ದ ಹನಿಗಳನ್ನು ಸೆರಗಿನಿಂದ ಒರೆಸಿದಳು.

ಕೆಲವು ದಿನಗಳ ಮೇಲೆ ಕಲೆ ಮತ್ತೆ ಮೂಡಿತು. ಮತ್ತೆ ಬಳಿದಳು. ಸೊಸೆ ಹೊರಗೆ ಹೋಗುವುದನ್ನೇ ಕಾಯುವ ಅತ್ತೆಯಾದಳು.

"ಅತ್ತೆ, ಕೋಣೇಲಿ ಮುಗ್ಗಲು ವಾಸನೆ" ಎಂದಳು ಸೊಸೆ ಒಂದು ದಿನ, ರೊಟ್ಟಿ ಬೇಯಿಸುತ್ತ. "ಒಬ್ಬರು ಬಟ್ಟೆ ವಾಪಸ್ಸು ತಂದುಕೊಟ್ಟರು. ಮೂಗಿಗೆ ಹಿಡಿದು ನೋಡು ಅಂದ್ರು. ನಾಚಿಕೆ ಆಯ್ತು."

"ಕಿಟಕಿ ತೆಗೆದಿಡು."

"ದಿನಾ ತೆಗೆದೇ ಇರುತ್ತೆ. ಮೇಲಿಂದ ನೀರೇನಾದ್ರೂ ಇಳೀತಿದ್ಯಾ? ಮಾವನ್ನ ಒಂದು ಸಲ ನೋಡೋಕೆ ಹೇಳ್ತೀನಿ."

"ನಾನೇ ನೋಡಿದ್ದೀನಿ" ಎಂದಳು ಮೇಸ್ತ್ರಮ್ಮ. ಬಾಯಿಂದ ಅಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ಅವಳಿಗೇ ಭಯವಾಯಿತು. "ಸೂರು ಬೆಳ್ಳಗಿದೆ. ಏನೂ ಇಲ್ಲ. ಹಳೇ ಬಟ್ಟೆ ಗಂಟು ಕಟ್ಟಿಟ್ಟಿದ್ದೀಯಲ್ಲ, ಅದರ ವಾಸನೆ."

ಸೊಸೆ ಸೂರು ನೋಡಿದಳು. ಬೆಳ್ಳಗೇ ಇತ್ತು. ಅತ್ತೆ ಹೇಳಿದ ಮೇಲೆ ಇನ್ನೇನು ಎಂದು, ಹಳೆಯ ಬಟ್ಟೆಯನ್ನೆಲ್ಲ ಒಗೆದು ಒಣಹಾಕಿದಳು. ಅವಳು ಹಾಗೆ ನಂಬುವ ಹುಡುಗಿ.

ಮೇಸ್ತ್ರಮ್ಮ ಒಂದು ಸಲ ಗಂಡನ ಹತ್ತಿರ ಬೇರೆ ದಾರಿಯಿಂದ ಮಾತು ತೆಗೆದು ನೋಡಿದಳು. "ತೊಟ್ಟಿಗೆ ಸ್ವಲ್ಪ ದಿನ ನೀರು ಬಿಡೋದು ಬೇಡ ಕಣ್ರೀ."

ಅವನು ಮಣ್ಣಿನಿಂದ ಕೈ ತೆಗೆದು ಅವಳನ್ನೇ ನೋಡಿದ. "ಯಾಕೆ? ಏನಾಯ್ತು?"

ಆ ಮುಖ ನೋಡಿ ಅವಳ ಧೈರ್ಯ ಉಡುಗಿತು. "ಏನಿಲ್ಲ. ಕೊಡ ಹೊತ್ತು ಹತ್ತೋಕೆ ಬೆನ್ನು ನೋವು."

"ಅಷ್ಟೇನಾ? ಮೊದಲೇ ಹೇಳಬಾರದಾ?" ಎಂದು ಅವನು ಆ ವಾರವೇ ಬಚ್ಚಲಿನ ನಲ್ಲಿಯಿಂದ ತಾರಸಿಗೆ ಉದ್ದದ ಪೈಪು ಎಳೆದ. ಅಲ್ಲಿಯವರೆಗೆ ಕೊಡದ ಲೆಕ್ಕದಲ್ಲಿ ಹೋಗುತ್ತಿದ್ದ ನೀರು ಧಾರಾಳವಾಗಿ ಹೋಗತೊಡಗಿತು. ಬದನೆ ಕೊಂಬೆ ಮುರಿಯುವಂತೆ ಕಾಯಿ ಬಿಟ್ಟಿತು. ಕೆಳಗೆ ಕಲೆ ಮೇಜಿನಗಲವಾಯಿತು. ಮೇಸ್ತ್ರಮ್ಮ ಸುಣ್ಣಕ್ಕೆ ಅಂಟು ಬೆರೆಸಿ ದಪ್ಪಗೆ ಬಳಿದಳು.

ಒಂದು ದಿನ, ಮಗಳು ಶಾಲೆಗೆ ಹೋದ ಮೇಲೆ, ಮಧ್ಯಾಹ್ನದ ಊಟಕ್ಕೆ ಮೊದಲು, ಸೊಸೆ ಒಂದು ರವಿಕೆಯ ತೋಳು ಕೂಡಿಸುತ್ತಿದ್ದಳು. ಸದ್ದು ಬೀದಿಗೆಲ್ಲ ಕೇಳಿಸಿತು. ಸೂರಿನ ಗಾರೆ ಚಪ್ಪಡಿಯಂತೆ ಕಳಚಿ ಯಂತ್ರದ ಮೇಲೆ, ಯಂತ್ರದ ಮೇಲಿದ್ದ ಅವಳ ಬಲಗೈಯ ಮೇಲೆ ಬಿತ್ತು. ಮೇಸ್ತ್ರಮ್ಮ ಓಡಿ ಬಂದಾಗ ಕೋಣೆ ತುಂಬ ಧೂಳು, ಧೂಳಿನೊಳಗೆ ಸೊಸೆ, "ಅತ್ತೆ, ಕೈ ತೆಗೆಯೋಕೆ ಆಗ್ತಿಲ್ಲ, ಕೈ ತೆಗೆಯೋಕೆ ಆಗ್ತಿಲ್ಲ" ಎಂದು ಮೆಲ್ಲಗೆ ಹೇಳುತ್ತಿದ್ದಳು.

ಆಸ್ಪತ್ರೆಯಲ್ಲಿ ಮಣಿಕಟ್ಟಿಗೆ ಪಟ್ಟಿ ಹಾಕಿದರು. ಮೂಳೆ ಕೂಡುತ್ತದೆ, ಆದರೆ ಬೆರಳಿನ ನರ ಜಜ್ಜಿಹೋಗಿದೆ, ಸೂಜಿ ಹಿಡಿಯುವ ಹಿಡಿತ ಮತ್ತೆ ಬರುವುದು ಕಷ್ಟ ಎಂದರು. ಮಗ ಅದನ್ನು ಮನೆಗೆ ಬಂದು ಹೇಳಿದ. ಬೆಳಗ್ಗೆ ಹೆಚ್ಚಿಟ್ಟಿದ್ದ ಬದನೆಕಾಯಿ ಅಡುಗೆಮನೆಯಲ್ಲಿ ಕಪ್ಪಾಗಿತ್ತು. ಮೇಸ್ತ್ರಮ್ಮ ಅದನ್ನು ತೆಗೆದು ಚೆಲ್ಲಿದಳು.

ಸೂರು ನೋಡಲು ಮೇಸ್ತ್ರಿಯ ಹಳೆಯ ಜೊತೆಗಾರ ಕುಳ್ಳ ಬಂದ. ಈಗ ಅವನೇ ದೊಡ್ಡ ಕೆಲಸಗಳನ್ನು ಹಿಡಿಯುತ್ತಿದ್ದ. ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿದ. ಎಲ್ಲ ಕಡೆಯೂ ಟೊಳ್ಳು ಸದ್ದು.

"ಕಂಬಿ ತುಕ್ಕು ಹಿಡಿದು ಉಬ್ಬಿಬಿಟ್ಟಿದೆ" ಎಂದ. "ತೇಪೆ ಹಾಕೋ ಮಾತಿಲ್ಲ. ಈ ಸೂರು ಇಳಿಸಬೇಕು. ಅಲ್ಲೀತನಕ ಈ ಕಡೆ ಯಾರೂ ಮಲಗೋದು ಬೇಡ. ಮೇಲಿನ ಭಾರ ಈಗಲೇ ತೆಗೀರಿ."

ಮೇಸ್ತ್ರಿ ಅಷ್ಟು ಹೊತ್ತೂ ನೆಲಕ್ಕೆ ಬಿದ್ದಿದ್ದ ಒಂದು ಚಕ್ಕೆಯನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದ. ಚಕ್ಕೆಯ ಅಂಚಿನಲ್ಲಿ ಸುಣ್ಣ ಪದರ ಪದರವಾಗಿ ಕಾಣುತ್ತಿತ್ತು. ಬಿಳಿ, ಅದರ ಮೇಲೆ ಕಂದು, ಮತ್ತೆ ಬಿಳಿ, ಮತ್ತೆ ಕಂದು. ಉಗುರಿನಿಂದ ಒಂದೊಂದನ್ನೇ ಬಿಡಿಸಿದ. ಆಮೇಲೆ ತಲೆ ಎತ್ತಿ, ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದ. ಅವಳು ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು.

ಕುಳ್ಳನೂ ಚಕ್ಕೆ ನೋಡಿದ. "ಇದೇನು ಮೇಸ್ತ್ರಿ, ಈ ಪಾಟಿ ಸುಣ್ಣ? ಇದನ್ನ ಬಳಿಯದೆ ಇದ್ದಿದ್ರೆ ಯಾವತ್ತೋ ಕಣ್ಣಿಗೆ ಬೀಳ್ತಿತ್ತು. ಯಾರು ಬಳಿದಿದ್ದು?"

ಮಗ ಅಪ್ಪನ ಕೈಯಿಂದ ಚಕ್ಕೆ ಕಿತ್ತುಕೊಂಡ. "ಯಾರು ಬಳಿದಿದ್ದು?"

"ನಾನೇ" ಎಂದ ಮೇಸ್ತ್ರಿ.

"ನೀನಾ?"

"ಹೂಂ. ಸೋರೋದು ಗೊತ್ತಾಗಿತ್ತು. ನಿಲ್ಲುತ್ತೆ ಅಂದ್ಕೊಂಡೆ."

"ಗೊತ್ತಿತ್ತಾ ನಿನಗೆ?" ಮಗನ ದನಿ ಒಡೆಯಿತು. "ಗೊತ್ತಿದ್ದೂ ಅವಳನ್ನ ಅದರ ಕೆಳಗೆ ಕೂರಿಸಿದ್ಯಾ? ನನ್ನ ಮಗಳು ಇಲ್ಲೇ ಮಲಗ್ತಿದ್ಲಲ್ಲಪ್ಪ. ನಿನ್ನ ಬದನೆಕಾಯಿ ಅಷ್ಟು ದೊಡ್ಡದಾಯ್ತಾ?"

ಮೇಸ್ತ್ರಮ್ಮ ಈಗ ಹೇಳಬೇಕು, ಈಗ ಹೇಳಬೇಕು ಎಂದುಕೊಳ್ಳುತ್ತಲೇ ನಿಂತಳು. ಅಷ್ಟರಲ್ಲಿ ಮಗ ಚಕ್ಕೆಯನ್ನು ನೆಲಕ್ಕೆಸೆದು ಹೊರಗೆ ಹೋದ.

ತೊಟ್ಟಿಗಳನ್ನು ಮಗ, ಕುಳ್ಳ ಸೇರಿ ಒಡೆದರು. ಮಣ್ಣನ್ನು ಬಾಂಡಲಿಯಲ್ಲಿ ತುಂಬಿ ಇಳಿಸಿ, ಖಾಲಿ ನಿವೇಶನವೊಂದರಲ್ಲಿ ಸುರಿದರು. ಮಣ್ಣು ಕರ್ರಗೆ, ಉದುರುದುರಾಗಿತ್ತು. ಹಿಡಿ ತುಂಬ ಎರೆಹುಳು. "ಇಂಥ ಮಣ್ಣು ನಾನು ನೋಡಿಲ್ಲ ಮೇಸ್ತ್ರಿ" ಎಂದ ಕುಳ್ಳ, ಹೇಳಬಾರದಿತ್ತು ಎಂದು ಆಮೇಲೆ ಅನ್ನಿಸಿತೋ ಏನೋ, ಬಾಂಡಲಿ ಎತ್ತಿಕೊಂಡು ಇಳಿದ. ತಳದಲ್ಲಿ ಬಿರುಕು ಕಾಣಿಸಿತು. ದೊಡ್ಡದೇನಲ್ಲ. ಬೇರಿನ ತುದಿಯೊಂದು ಒಳಗಿಳಿಯುವಷ್ಟು.

ಅಂದು ಮೇಸ್ತ್ರಿ ಪಡಸಾಲೆಯಲ್ಲಿ ಒಬ್ಬನೇ ಇದ್ದಾಗ ಮೇಸ್ತ್ರಮ್ಮ ಹತ್ತಿರ ಬಂದು ಕೂತಳು. ಬೈಯಲಿ ಎಂದು ಕಾದಳು. ಹೊಡೆದಿದ್ದರೂ ಸಹಿಸುತ್ತಿದ್ದಳು.

"ಎಷ್ಟು ಸಲ ಬಳಿದೆ?" ಎಂದ.

"ಲೆಕ್ಕ ಇಟ್ಟಿಲ್ಲ."

"ಒಂದು ಮಾತು ಹೇಳಬೇಕಿತ್ತು."

"ಹೇಳಿದ್ರೆ ತೋಟ ತೆಗೀತಿದ್ರಿ."

"ತೆಗೀತಿದ್ದೆ."

"ಆಮೇಲೆ?"

ಅವನು ತನ್ನ ಅಂಗೈ ನೋಡಿಕೊಂಡು ಕೂತ. "ಯಾಕೆ ನಿಮ್ಮ ಮೇಲೆ ಹಾಕ್ಕೊಂಡ್ರಿ?" ಎಂದು ಅವಳು ಕೇಳಿದಳು. "ಮಗ ಸೊಸೆ ಮನೆ ಬಿಟ್ಟು ಹೋಗ್ತಾರೆ. ಮುಂದೆ ನಿನಗೆ ಅವರ ಮನೆ ಬಾಗಿಲು ಬೇಕು" ಎಂದಷ್ಟೇ ಹೇಳಿ ಎದ್ದುಹೋದ.

ಅವರು ಹೋದರು. ಸೂರು ಇಳಿಸಿ ಹೊಸದು ಹಾಕಿಸುವ ಶಕ್ತಿ ಆ ಮನೆಗೆ ಇರಲಿಲ್ಲ, ಹೊಲಿಗೆಯ ದುಡಿಮೆ ನಿಂತ ಮೇಲಂತೂ ಆ ಮಾತೇ ಇಲ್ಲ. ಟೈರಿನ ಅಂಗಡಿಯ ಹಿಂದೆ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಸಾಮಾನು ಸಾಗಿಸುವ ಟೆಂಪೊ ಬಾಗಿಲಿಗೆ ಬಂದು ನಿಂತಾಗ ಮಗ ತಂದೆಯ ಕಡೆ ತಿರುಗಿಯೂ ನೋಡಲಿಲ್ಲ. ಮೊಮ್ಮಗಳು, "ತಾತ ಯಾಕೆ ಬರಲ್ಲ?" ಎಂದು ಕೇಳಿದ್ದಕ್ಕೆ ಅವಳನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕಿದ.

ಸೊಸೆ ಮಾತ್ರ ಹಿಂದಕ್ಕೆ ಬಂದಳು. ಬಲಗೈ ಪಟ್ಟಿಯಲ್ಲಿ ಕುತ್ತಿಗೆಯಿಂದ ತೂಗುತ್ತಿತ್ತು. ಎಡಗೈಯಿಂದ ಅತ್ತೆಯ ಭುಜ ಹಿಡಿದು, ಒಳಗೆ ಕೇಳಿಸದಿರಲೆಂದು ದನಿ ತಗ್ಗಿಸಿದಳು. ಆದರೂ ಬಾಗಿಲ ಹಿಂದೆಯೇ ಮೇಸ್ತ್ರಿ ಕೂತಿದ್ದ.

"ಅತ್ತೆ, ನೀವೂ ನಮ್ಮ ಜೊತೆ ಬಂದುಬಿಡಿ. ಒಂದೇ ಕೋಣೆ ಆದ್ರೂ ಹೇಗೋ ಆಗುತ್ತೆ. ಗೊತ್ತಿದ್ದೂ ಮುಚ್ಚಿಟ್ಟವರ ಜೊತೆ ನೀವು ಹೇಗಿರ್ತೀರಿ? ನನಗೆ ನೆನೆಸ್ಕೊಂಡರೆ ಹೆದರಿಕೆ ಆಗುತ್ತೆ. ಈ ಮನೇಲಿ ನಾನು ನಂಬಿದ್ದು ನಿಮ್ಮೊಬ್ಬರನ್ನೇ."

ಮೇಸ್ತ್ರಮ್ಮ ಬಾಯಿ ತೆರೆದಳು. ಸೊಸೆಯ ಕಣ್ಣು ಒದ್ದೆಯಾಗಿತ್ತು, ಪಟ್ಟಿಯಿಂದ ಹೊರಗಿದ್ದ ಬೆರಳ ತುದಿಗಳು ಊದಿಕೊಂಡಿದ್ದವು.

"ಕೈ ಜೋಪಾನ ಕಣಮ್ಮಾ" ಎಂದಳು. "ಪಟ್ಟಿ ನೀರಲ್ಲಿ ನೆನೆಸ್ಬೇಡ."

ಟೆಂಪೊ ತಿರುವು ದಾಟುವವರೆಗೆ ನಿಂತಿದ್ದು ಒಳಗೆ ಬಂದಳು. ಮೇಸ್ತ್ರಿ ಹೊರಳಿ ನೋಡಲಿಲ್ಲ.

"ಹೇಳಿದೆಯಾ?"

"ಇಲ್ಲ."

"ಒಳ್ಳೇದಾಯ್ತು" ಎಂದ.

ಅವಳು ಒಲೆ ಹಚ್ಚಿ ಇಬ್ಬರಿಗೆ ಸಾಕಾಗುವಷ್ಟು ಅಡುಗೆ ಮಾಡಿದಳು. ಬಡಿಸಿ, ತಟ್ಟೆಯನ್ನು ಅವನ ಮುಂದಿಟ್ಟು, ತಿನ್ನಿ ಎಂದು ಹೇಳುವುದಕ್ಕೆ ಬಾಯಿ ಬರದೆ ಎದುರಿಗೆ ಕೂತಳು.